ಮಾರಿಸ್ ಮೈನರ್ ಸ್ಟೀರಿಂಗ್: ಸವೆತ ಎಲ್ಲಿ, ರಿಪೇರಿ ಹೇಗೆ

ಸ್ಟೀರಿಂಗ್ ಲೂಸ್ ಆಗಿದೆ ಅಂದ ಕೂಡಲೇ ಎಲ್ಲರ ಕಣ್ಣು ಚಕ್ರಗಳನ್ನು ತಿರುಗಿಸುವ ಹಲ್ಲಿನ ಸಲಾಕೆ, ಅಂದರೆ ರ್‍ಯಾಕ್ ಮೇಲೆ ಹೋಗುತ್ತದೆ. ಮೈನರ್ ಕಾರಿನಲ್ಲಿ ಮೊದಲು ಕೆಳಗಿನ ಟ್ರನಿಯನ್ (ಚಕ್ರ ಹಿಡಿದ ಪಿನ್ನಿನ ತುದಿ ಕೂರುವ, ಥ್ರೆಡ್ ಇರುವ ಲೋಹದ ತುಂಡು) ನೋಡಿ. ರ್‍ಯಾಕ್ ಸವೆದರೆ ಓಡಿಸಲು ಕಷ್ಟ, ಅಷ್ಟೇ. ಟ್ರನಿಯನ್ ಸವೆದರೆ ಚಕ್ರವೇ ಮಡಚಿಕೊಂಡು ಬೀಳುತ್ತದೆ.

1948ರಲ್ಲಿ ಬಂದ ಈ ಇಂಗ್ಲಿಷ್ ಕಾರನ್ನು ವಿನ್ಯಾಸ ಮಾಡಿದ್ದು ಅಲೆಕ್ ಇಸಿಗೋನಿಸ್. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಹಾಗೆ ಕೆಲಸ ಮಾಡುವ ಸಲಾಕೆ), ರ್‍ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್. ನಮ್ಮ ಅಂಬಾಸಡರ್‌ನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್‌ನಲ್ಲೂ ಇವೆರಡೂ ಇದ್ದವು.

ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ನಿನ ಎರಡೂ ತುದಿಯಲ್ಲಿ ಥ್ರೆಡ್ ಇದೆ. ಕೆಳತುದಿ ಟ್ರನಿಯನ್ ಒಳಗೆ ತಿರುಪಿನ ಹಾಗೆ ಕೂತಿರುತ್ತದೆ, ಸ್ಟೀರಿಂಗ್ ತಿರುಗಿದಂತೆ ಅದೂ ತಿರುಗುತ್ತದೆ. ಇಲ್ಲೇ ವಿಷಯ ಇರೋದು. ರಸ್ತೆ ಚಕ್ರವನ್ನೂ ಪಿನ್ನನ್ನೂ ಮೇಲಕ್ಕೆ ಒತ್ತುತ್ತದೆ. ಕಾರಿನ ಭಾರ ಟಾರ್ಷನ್ ಬಾರ್ ಮೂಲಕ ಸಸ್ಪೆನ್ಷನ್ನಿನ ಕೆಳತೋಳನ್ನು, ಅದರ ಜೊತೆ ಟ್ರನಿಯನ್ನನ್ನು ಕೆಳಕ್ಕೆ ತಳ್ಳುತ್ತದೆ. ಅಂದರೆ ಭಾರವೆಲ್ಲ ಆ ಥ್ರೆಡ್ಡನ್ನು ಕಿತ್ತು ಬಿಡಿಸುವ ದಿಕ್ಕಿನಲ್ಲೇ ಕೆಲಸ ಮಾಡುತ್ತಿರುತ್ತದೆ! ಗ್ರೀಸ್ ಇಲ್ಲದೆ ಥ್ರೆಡ್ ತೆಳ್ಳಗಾದರೆ ಒಂದು ದಿನ ಪಿನ್ ಕಳಚಿ ಬರುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗಲ್ಲ.

ಅದಕ್ಕೇ ಕೈಯಿಂದ ಪರೀಕ್ಷೆ ಮಾಡಬೇಕು. ಚಾಸಿಗೆ ಸ್ಟ್ಯಾಂಡ್ ಕೊಟ್ಟು ಚಕ್ರ ನೇತಾಡುವ ಹಾಗೆ ಬಿಡಿ. ಟೈರ್ ಅಡಿಗೆ ಉದ್ದನೆಯ ರಾಡ್ ಹಾಕಿ ಎತ್ತಿ, ಇಳಿಸಿ. ಇನ್ನೊಂದು ಕೈಯ ಬೆರಳು ಪಿನ್ ಮತ್ತು ಟ್ರನಿಯನ್ ಸೇರುವ ಕಡೆ ಇರಲಿ. ಅಲ್ಲಿ ‘ಟಕ್’ ಅಂತ ಅಲುಗಾಡಿದರೆ ಅನುಮಾನವೇ ಬೇಡ. ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸುವಾಗ ಯಾರಾದರೂ ಬ್ರೇಕ್ ಒತ್ತಲಿ. ಆಗ ಅಲುಗಾಟ ನಿಂತರೆ ಅದು ಚಕ್ರದ ಬೇರಿಂಗ್ ದೋಷ, ಟ್ರನಿಯನ್ನಿನದಲ್ಲ.

ಬದಲಾಯಿಸುವಾಗ ಪಿನ್ ಮತ್ತು ಟ್ರನಿಯನ್ ಎರಡನ್ನೂ ಹೊಸದು ಹಾಕಿ. ಸವೆದ ಥ್ರೆಡ್ ಮೇಲೆ ಹೊಸ ಟ್ರನಿಯನ್ ಹಾಕೋದು ಸುಮ್ನೆ ದುಡ್ಡು ದಂಡ. ಟಾರ್ಷನ್ ಬಾರ್‌ನಲ್ಲಿ ತುಂಬಾ ಬಲ ತುಂಬಿರುತ್ತದೆ. ಕೆಳತೋಳಿಗೆ ಜಾಕ್ ಕೊಡದೆ ಒಂದು ಬೋಲ್ಟನ್ನೂ ಸಡಿಲಿಸಬೇಡಿ. ಮುಂದೆ ಗ್ರೀಸ್ ಹೊಡೆಯುವಾಗಲೂ ಚಕ್ರ ನೆಲ ಬಿಟ್ಟಿರಲಿ. ಆಗಲೇ ಒತ್ತಿಕೊಂಡಿದ್ದ ಥ್ರೆಡ್ ನಡುವೆ ಗ್ರೀಸ್ ಹೋಗುತ್ತದೆ. ಹಳೆಯ ಕಪ್ಪು ಗ್ರೀಸ್ ಪೂರ್ತಿ ಹೊರಬರಬೇಕು.

ಸ್ಟೀರಿಂಗ್ ರಾಡನ್ನು ಚಕ್ರದ ಸ್ಟೀರಿಂಗ್ ಆರ್ಮ್‌ಗೆ ಸೇರಿಸುವ ಜಾಯಿಂಟ್, ಅಂದರೆ ಟೈ ರಾಡ್ ಎಂಡ್ ಸುಲಭ. ಚಕ್ರ ನೆಲದ ಮೇಲಿರುವಾಗಲೇ ಒಬ್ಬರು ಸ್ಟೀರಿಂಗ್ ಆ ಕಡೆ ಈ ಕಡೆ ಸ್ವಲ್ಪ ಆಡಿಸಲಿ, ನೀವು ಜಾಯಿಂಟ್ ಮುಟ್ಟಿ ನೋಡಿ. ತೆಗೆಯುವಾಗ ಸ್ಟಡ್ ತುದಿಗೆ ಹೊಡೆಯಬೇಡಿ, ಥ್ರೆಡ್ ಹಾಳಾಗುತ್ತದೆ. ಸ್ಟೀರಿಂಗ್ ಆರ್ಮ್‌ನ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಿಂದ ಹೊಡೆದರೆ ಅದರೊಳಗೆ ಬಿಗಿದು ಕೂತ ಸ್ಟಡ್ಡಿನ ಟೇಪರ್ (ಓರೆ ಭಾಗ) ಬಿಟ್ಟುಕೊಳ್ಳುತ್ತದೆ. ಹಳೆಯ ಎಂಡ್ ಎಷ್ಟು ಸುತ್ತು ತಿರುಗಿಸಿದ ಮೇಲೆ ಹೊರಬಂತು ಅಂತ ಎಣಿಸಿಕೊಳ್ಳಿ, ಹೊಸದನ್ನೂ ಅಷ್ಟೇ ಸುತ್ತು ಹಾಕಿ.

ಇನ್ನು ರ್‍ಯಾಕ್. ರಬ್ಬರ್ ಬೂಟ್ ಹರಿದಿದ್ದರೆ ಒಳಗಿನ ಗೇರ್ ಆಯಿಲ್ ಸೋರಿ, ನೀರು ಸೇರುತ್ತದೆ. ಬೂಟ್ ಬೇಗ ಬದಲಾಯಿಸಿದರೆ ರ್‍ಯಾಕ್ ಉಳಿಯುತ್ತದೆ.

ಎಲ್ಲ ಮುಗಿದ ಮೇಲೆ ಟೋ-ಇನ್ (ಮುಂಚಕ್ರಗಳ ಮುಂಭಾಗ ಹಿಂಭಾಗಕ್ಕಿಂತ ಎಷ್ಟು ಹತ್ತಿರವಿದೆ ಅನ್ನೋ ಅಳತೆ) ಅಳೆಯಿರಿ. ಮೈನರ್‌ಗೆ 3/32 ಇಂಚು, ಅಂದರೆ ಸುಮಾರು 2.4 ಮಿ.ಮೀ. ಅಳತೆ ಸರಿ ಬಂದ ಮೇಲೆ ಟೈ ರಾಡ್ ಎಂಡನ್ನು ಹಿಡಿದಿಡುವ ಚೆಕ್ ನಟ್ ಬಿಗಿ ಮಾಡಿ, ಒಮ್ಮೆ ಓಡಿಸಿ ಬಂದು ಮತ್ತೆ ಅಳೆಯಿರಿ.