ಕ್ರೂಡ್ (ಕಚ್ಚಾ ಎಣ್ಣೆ) ರೇಟ್ ಬಿದ್ರೆ ಮೈಸೂರಿನ ಊದಿನಕಡ್ಡಿ ಯಾಕೆ ನಿಲ್ಲುತ್ತೆ?

2015ರ ಜೂನ್ ಕೊನೇಲಿ ಮೈಸೂರಿಂದ ಒಬ್ಬರು ಫೋನ್ ಮಾಡಿದ್ರು, ಊದಿನಕಡ್ಡಿ ಮಾಡ್ಸಿ ಹೊರದೇಶಕ್ಕೆ ಕಳ್ಸೋರು, ಅವರ ಎಕ್ಸ್‌ಪೋರ್ಟ್ ಪೇಪರ್ ಎಲ್ಲ ಆಗ ನಾನೇ ನೋಡ್ಕೋತಿದ್ದೆ. "ಸಾರ್, ಲಾಗೋಸ್ ಪಾರ್ಟಿ ಒಂದು ಲಿಸ್ಟ್ ಕಳ್ಸಿದಾರೆ, ಅದ್ರಲ್ಲಿ ನಮ್ಮ ಐಟಂ ಇದೆ, ಇನ್ಮೇಲೆ ಡಾಲರ್ ಸಿಗಲ್ವಂತೆ" ಅಂದ್ರು. ಲಾಗೋಸ್ ಅಂದ್ರೆ ನೈಜೀರಿಯಾದ ಬಂದರು ಊರು, ಅಲ್ಲಿ ಇವರ ಮಾಲು ಕೊಳ್ಳೋರು ಆ ಪಾರ್ಟಿ. ಲಿಸ್ಟ್ ತರಿಸ್ಕೊಂಡು ನೋಡಿದೆ. ನೈಜೀರಿಯಾದ ಕೇಂದ್ರ ಬ್ಯಾಂಕು ಹೊರಡಿಸಿದ್ದ 41 ಐಟಂಗಳ ಪಟ್ಟಿ, ಅಕ್ಕಿ, ಸಿಮೆಂಟು, ತಾಳೆ ಎಣ್ಣೆ, ಟೊಮೇಟೊ ಪೇಸ್ಟು, ಟೂತ್‌ಪಿಕ್ಕು, ಅವುಗಳ ಸಾಲಲ್ಲೇ 'ಇಂಡಿಯನ್ ಇನ್ಸೆನ್ಸ್' ಅಂತ ನಮ್ಮ ಊದಿನಕಡ್ಡಿನೂ ಇತ್ತು. ತರಿಸಬಾರದು ಅಂತ ನಿಷೇಧ ಏನಿಲ್ಲ, ಆದ್ರೆ ಅದಕ್ಕೆ ಬ್ಯಾಂಕಲ್ಲಿ ಅಧಿಕೃತ ರೇಟಿಗೆ ಡಾಲರ್ ಕೇಳೋ ಹಾಗಿಲ್ಲ.

ಅಷ್ಟೊತ್ತಿಗೆ ಅವರ ಒಂದು ಕಂಟೇನರ್ ಅಲ್ಲಿಗೆ ಹೋಗಿಯಾಗಿತ್ತು, 90 ದಿನದ ಸಾಲದ ಮೇಲೆ. ಲಾಗೋಸ್ ಪಾರ್ಟಿ ಮೋಸಗಾರ ಅಲ್ಲ, ಸರಕಿನ ದುಡ್ಡನ್ನ ಅಲ್ಲಿನ ಕರೆನ್ಸಿ ನೈರಾದಲ್ಲಿ ತನ್ನ ಖಾತೆಗೆ ಕಟ್ಟಿಟ್ಟು ಅದರ ಸ್ಟೇಟ್‌ಮೆಂಟನ್ನೇ ಫೋಟೊ ತೆಗೆದು ಕಳ್ಸಿದ್ರು. ದುಡ್ಡಿದೆ, ಕೊಡೋ ಮನಸ್ಸೂ ಇದೆ, ಡಾಲರ್ ಮಾತ್ರ ಇಲ್ಲ. ನಮ್ಮ ಮೈಸೂರಿನವರಿಗೆ ಇದನ್ನ ಅರ್ಥ ಮಾಡಿಸೋದೇ ಕಷ್ಟ ಆಯ್ತು, "ಅಷ್ಟೊಂದು ಕ್ರೂಡ್ ಇರೋ ದೇಶದಲ್ಲಿ ಡಾಲರಿಗೆ ಬರ ಅಂದ್ರೆ ಹೇಗೆ ಸಾರ್" ಅಂತ ಕೇಳಿದ್ರು, ಒಳ್ಳೇ ಪ್ರಶ್ನೆ ಅದು.

ಕ್ರೂಡ್ ಬಿಟ್ರೆ ಡಾಲರ್ ತರೋದು ಆ ದೇಶದಲ್ಲಿ ಹೆಚ್ಚೇನೂ ಇಲ್ಲ, ಅದೇ ಉತ್ತರ. ರಫ್ತು ಆದಾಯದಲ್ಲಿ ಸುಮಾರು 90 ಪರ್ಸೆಂಟ್ ಎಣ್ಣೆ ಮತ್ತು ಗ್ಯಾಸಿಂದಾನೇ ಬರ್ತಿತ್ತು. 2014ರ ಜೂನಲ್ಲಿ ಬ್ಯಾರಲ್‌ಗೆ 110 ಡಾಲರ್ ದಾಟಿದ್ದ ರೇಟು 2016ರ ಜನವರಿಲಿ 30ಕ್ಕಿಂತ ಕೆಳಗೆ ಬಂತು, ಇಡೀ ದೇಶಕ್ಕೆ ನೀರು ಬರೋದು ಒಂದೇ ನಲ್ಲಿಯಿಂದ ಅಂದ್ಮೇಲೆ ಆ ನಲ್ಲಿ ಸಣ್ಣಗಾದಾಗ ಯಾರಿಗೆ ಎಷ್ಟು ಕೊಡ ಅಂತ ಲೆಕ್ಕ ಹಾಕ್ಲೇಬೇಕು, ಆ ಲೆಕ್ಕದಲ್ಲಿ ಊದಿನಕಡ್ಡಿ ಹೊರಗುಳೀತು.

ಆದ್ರೆ ಆ ಪಟ್ಟಿಲಿ ನನ್ನ ಮನಸ್ಸಿಗೆ ನಾಟಿದ್ದು ಊದಿನಕಡ್ಡಿ ಅಲ್ಲ, ತಾಳೆ ಎಣ್ಣೆ. 1960ರ ಆಸುಪಾಸಲ್ಲಿ ಇಡೀ ಪ್ರಪಂಚಕ್ಕೆ ತಾಳೆ ಎಣ್ಣೆ ಕಳ್ಸೋದ್ರಲ್ಲಿ ನೈಜೀರಿಯಾನೇ ಮುಂದಿತ್ತು. ಪೂರ್ವದಲ್ಲಿ ತಾಳೆ, ಪಶ್ಚಿಮದಲ್ಲಿ ಕೋಕೋ, ಉತ್ತರದ ಕಾನೋ ಊರಲ್ಲಂತೂ ಕಡಲೆಕಾಯಿ ಮೂಟೆಗಳನ್ನ ಪಿರಮಿಡ್ ಥರ ಒಟ್ಟಿ ರಾಶಿ ಹಾಕ್ತಿದ್ರು. 1956ರಲ್ಲಿ ಓಲೋಯ್‌ಬಿರಿ ಅನ್ನೋ ಹಳ್ಳಿಲಿ ಕಚ್ಚಾ ಎಣ್ಣೆ ಸಿಕ್ತು, 1958ರಲ್ಲಿ ರಫ್ತು ಶುರುವಾಯ್ತು, 1973-74ರಲ್ಲಿ ರೇಟು ನಾಲ್ಕು ಪಟ್ಟಾಯ್ತು, ಅಲ್ಲಿಂದ ಕಥೆ ಬದಲಾಯ್ತು.

ಹೇಗೆ ಅಂದ್ರೆ, ಎಣ್ಣೆ ಡಾಲರ್ ಸುರಿದಾಗ ಆ ದೇಶದ ಕರೆನ್ಸಿ ಬಲವಾಗುತ್ತೆ, ಜೊತೆಗೆ ಸರ್ಕಾರ ಆ ದುಡ್ಡನ್ನ ಒಳಗಡೆ ಖರ್ಚು ಮಾಡೋದ್ರಿಂದ ಕೂಲಿ, ಬಾಡಿಗೆ, ಸಿಮೆಂಟು, ಸಾಗಾಣಿಕೆ ಎಲ್ಲ ಏರುತ್ತೆ. ಕಡಲೆಕಾಯಿ ಬೆಳೆಯೋನಿಗೆ ಆಳು ಸಿಗಲ್ಲ, ಸಿಕ್ರೂ ಕೂಲಿ ದುಬಾರಿ, ಆದ್ರೆ ಅವನ ಮಾಲಿಗೆ ಡಾಲರ್ ರೇಟು ಅಷ್ಟೇ, ಅದನ್ನ ನೈರಾಗೆ ತಿರುಗಿಸಿದ್ರೆ ಕೈಗೆ ಬರೋದು ಕಮ್ಮಿ. ಅದೇ ಹೊತ್ತಿಗೆ ಹೊರದೇಶದ ಅಕ್ಕಿ ಬಂದರಲ್ಲಿ ಅಗ್ಗಕ್ಕೆ ಇಳಿಯುತ್ತೆ. ರೈತನ ತಪ್ಪು ಏನೂ ಇಲ್ಲ, ಅವನು ಸೋಮಾರಿ ಆಗಿಲ್ಲ, ಲೆಕ್ಕವೇ ಅವನಿಗೆ ಉಲ್ಟಾ ಆಗಿರುತ್ತೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ 'ಡಚ್ ಡಿಸೀಸ್' ಅಂತಾರೆ, ಹಾಲೆಂಡಲ್ಲಿ ಗ್ಯಾಸ್ ಸಿಕ್ಕಿದಾಗ ಅಲ್ಲಿನ ಫ್ಯಾಕ್ಟರಿಗಳಿಗೆ ಹೀಗೇ ಆಗಿತ್ತು. ಕಾನೋದ ರಾಶಿಗಳು ಹೋಗಿದ್ದಕ್ಕೆ ಬರಗಾಲ, ಬೆಳೆರೋಗನೂ ಸೇರ್ಕೊಂಡ್ವು ಅನ್ನೋದು ನಿಜ, ಆದ್ರೆ ಬರ ಹೋದ್ಮೇಲೂ ಅವು ವಾಪಸ್ ಬರ್ಲಿಲ್ಲ.

1975ರ ಸಿಮೆಂಟ್ ಕಥೆ ನನ್ನ ಕೆಲಸಕ್ಕೆ ಹತ್ರದ್ದು, ಅದಕ್ಕೇ ಹೇಳ್ತೀನಿ. ಕೈಲಿ ದುಡ್ಡಾಡ್ತಿತ್ತಲ್ಲ, ಸರ್ಕಾರದ ಬೇರೆಬೇರೆ ಇಲಾಖೆಗಳು ಸೇರಿ ಸುಮಾರು 2 ಕೋಟಿ ಟನ್ ಸಿಮೆಂಟ್ ಆರ್ಡರ್ ಮಾಡಿದ್ವು, ಲಾಗೋಸ್ ಬಂದರಿಗೆ ಅದರ ಒಂದು ಸಣ್ಣ ಪಾಲನ್ನೂ ವರ್ಷದಲ್ಲಿ ಇಳಿಸೋ ತಾಕತ್ತಿರಲಿಲ್ಲ. ನೂರಾರು ಹಡಗು ಸಮುದ್ರದಲ್ಲೇ ಕ್ಯೂ ನಿಂತ್ವು. ಹಡಗು ಕಾಯ್ಸಿದ್ರೆ ಡೆಮರೇಜ್ ಕಟ್ಬೇಕು, ದಿನದ ಲೆಕ್ಕ ಅದು, ಆ ದುಡ್ಡಿಗಾಗೇ ಹಳೇ ಹಡಗಲ್ಲಿ ಸಿಮೆಂಟ್ ತುಂಬ್ಕೊಂಡು ಬಂದು ಸಾಲಲ್ಲಿ ನಿಂತೋರೂ ಇದ್ರು. ಉಪ್ಪುಗಾಳಿಗೆ ಚೀಲದಲ್ಲೇ ಸಿಮೆಂಟ್ ಗಟ್ಟಿಯಾಗಿ ಹೋಯ್ತು. ಡೆಮರೇಜ್ ಬಿಲ್ ನೋಡಿದೋರಿಗೆ ಗೊತ್ತು ಅದು ಎಂಥ ನೋವು ಅಂತ, ಇಲ್ಲಿ ಅದನ್ನ ಕಟ್ಟಿದ್ದು ಒಂದು ಬಡ ದೇಶ.

ಎಲ್ಲದಕ್ಕೂ ಲಂಚಾನೇ ಕಾರಣ ಅಂತ ಜನ ಸುಲಭವಾಗಿ ಹೇಳ್ಬಿಡ್ತಾರೆ, ಅದನ್ನ ನಾನು ಪೂರ್ತಿ ಒಪ್ಪಲ್ಲ. ಇಂಡೋನೇಷ್ಯಾ ನೋಡಿ, ಅಧ್ಯಕ್ಷ ಸುಹಾರ್ತೊ ಕಾಲದಲ್ಲಿ ಲಂಚ ಏನು ಕಮ್ಮಿ ಇತ್ತಾ? ಅವರ ಸರ್ಕಾರಿ ಎಣ್ಣೆ ಕಂಪನಿ ಪರ್ಟಮಿನಾ 1975ರಲ್ಲಿ ಸಾಲ ತೀರಿಸಲಾಗದೆ ಕುಸಿದು ಸರ್ಕಾರವೇ ಹೊರಬೇಕಾಯ್ತು. ಆದ್ರೂ ಅದೇ ಎಣ್ಣೆ ದುಡ್ಡಲ್ಲಿ 1973ರಿಂದ 78ರ ಒಳಗೆ 61,000ಕ್ಕೂ ಹೆಚ್ಚು ಪ್ರೈಮರಿ ಸ್ಕೂಲ್ ಕಟ್ಟಿದ್ರು, ಭತ್ತದ ರೈತರಿಗೆ ಗೊಬ್ಬರಕ್ಕೆ ಸಬ್ಸಿಡಿ ಕೊಟ್ರು, ಕಾಲುವೆ ಮಾಡಿದ್ರು, ಪ್ರಪಂಚದಲ್ಲೇ ಅತಿ ಹೆಚ್ಚು ಅಕ್ಕಿ ತರಿಸ್ಕೊಳ್ಳೋ ದೇಶಗಳಲ್ಲಿ ಒಂದಾಗಿದ್ದದ್ದು 1980ರ ದಶಕದ ಮಧ್ಯಕ್ಕೆ ತನ್ನ ಅಕ್ಕಿ ತಾನೇ ಬೆಳ್ಕೊಳ್ತು. ಇನ್ನೊಂದು ಕೆಲಸ ಮಾಡಿದ್ರು, ನನ್ನ ಪ್ರಕಾರ ಅದೇ ಮುಖ್ಯ, 1978ರ ನವೆಂಬರಲ್ಲಿ ತಮ್ಮ ಕರೆನ್ಸಿ ರುಪಿಯಾದ ಬೆಲೆಯನ್ನ ಡಾಲರಿಗೆ 415ರಿಂದ 625ಕ್ಕೆ ತಾವೇ ಇಳಿಸಿದ್ರು. ಡಾಲರ್ ಖಾಲಿಯಾಗಿ ಬೇರೆ ದಾರಿ ಇಲ್ದೆ ಇಳಿಸಿದ್ದಲ್ಲ, ರೈತರೂ ಫ್ಯಾಕ್ಟರಿಯೋರೂ ಹೊರಗಿನ ಮಾಲಿನ ಎದುರು ನಿಲ್ಲೋ ಹಾಗಾಗ್ಲಿ ಅಂತ. ನೈಜೀರಿಯಾ ಹಾಗೆ ಮಾಡದೆ ನೈರಾವನ್ನ ಗಟ್ಟಿ ಹಿಡ್ಕೊಂಡು ಕೂತಿತ್ತು, 1986ರಲ್ಲಿ ಬಿಟ್ಟಾಗ ಎಣ್ಣೆ ರೇಟೂ ನೆಲಕಚ್ಚಿತ್ತು.

2015-16ರಲ್ಲೂ ಅದೇ ತಪ್ಪು. ಒಂದು ವರ್ಷಕ್ಕೂ ಹೆಚ್ಚು ಡಾಲರಿಗೆ 197 ನೈರಾ ಹತ್ರ ರೇಟನ್ನ ಕಟ್ಟಿಹಾಕಿದ್ರು, ಬ್ಯಾಂಕಿನ ಹೊರಗಿನ ಪೇಟೆಲಿ ಅದಕ್ಕಿಂತ ತುಂಬಾ ಜಾಸ್ತಿ ನಡೀತಿತ್ತು. ನಮ್ಮ ಮೈಸೂರಿನವರ ಬಾಕಿ ಅಷ್ಟಷ್ಟಾಗಿ, ವರ್ಷ ದಾಟಿದ ಮೇಲೆ ಬಂತು, ಆ ಪಾರ್ಟಿ ಹೊರಗಿನ ರೇಟಿಗೆ ಡಾಲರ್ ಹೊಂದಿಸಿ ಲಾಸ್ ಮಾಡ್ಕೊಂಡ್ರು. ಈ ನಡುವೆ ಇಲ್ಲಿ ಪ್ಯಾಕಿಂಗ್ ಮಾಡೋ ಹೆಂಗಸರಿಗೆ ವಾರದಲ್ಲಿ ಮೂರೇ ದಿನ ಕೆಲಸ ಇರ್ತಿತ್ತು, ಅವರಿಗೂ ಆ ಬ್ಯಾರಲ್ ರೇಟಿಗೂ ಇರೋ ಸಂಬಂಧ ಅವರಿಗೆ ಯಾರೂ ಹೇಳಿರಲಿಲ್ಲ.

2023ರ ಅಕ್ಟೋಬರಲ್ಲಿ ಆ ಪಟ್ಟಿಯ ನಿರ್ಬಂಧ ತೆಗೆದ್ರು. ಅದಕ್ಕೆ ನಾಲ್ಕು ತಿಂಗಳು ಮುಂಚೆ, ಜೂನಲ್ಲಿ ನೈರಾ ರೇಟನ್ನೂ ಪೇಟೆಗೆ ಬಿಟ್ಟಿದ್ರು, ಡಾಲರಿಗೆ 460ರ ಆಸುಪಾಸಲ್ಲಿದ್ದದ್ದು 2024ರಲ್ಲಿ 1,500 ದಾಟ್ತು. ಮೈಸೂರಿನವರು ಮತ್ತೆ ಫೋನ್ ಮಾಡಿದ್ರು, "ಸಾರ್, ಈಗ ಕಳ್ಸಬಹುದಾ?" ಅಂತ. ಕಳ್ಸಿ, ಆದ್ರೆ ಅರ್ಧ ದುಡ್ಡು ಅಡ್ವಾನ್ಸ್ ತಗೊಳ್ಳಿ, ಉಳಿದಿದ್ದಕ್ಕೆ ಇನ್ಶೂರೆನ್ಸ್ ಮಾಡ್ಸಿ, ಅಂದೆ. ಲಾಗೋಸಿಂದ ಆರ್ಡರ್ ಬಂತು, ಮೊದಲು ಕಂಟೇನರ್ ಪೂರ್ತಿ ತರಿಸ್ತಿದ್ದೋರು ಈ ಸಲ ಬರೆದಿದ್ದು 200 ಪೆಟ್ಟಿಗೆ.