ನಿಲ್ಲಿಸೋದು ಹೇಗೆಂದು ಕೇಳದೇ ಉಳಿದ ಮಾತ್ರೆ

ಅಲ್‌ಪ್ರಾಜೋಲಾಂ ಸ್ಟ್ರಿಪ್ ಒಮ್ಮೆ ತಿರುಗಿಸಿ ನೋಡಿ. ಕೆಂಪು ಗೆರೆಯ ಚೌಕದೊಳಗೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಡಾಕ್ಟರ ಸಲಹೆ ಮೀರಿ ತಗೊಂಡರೆ ಅಪಾಯ, ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಬರೆದಿರುತ್ತದೆ. ಮನೆಯಲ್ಲಿ ಯಾರೂ ಅದನ್ನು ಓದಿರುವುದಿಲ್ಲ. ಅವರಿಗೆ ಅದು ‘ಟೆನ್ಷನ್ ಮಾತ್ರೆ’, ಇಲ್ಲವೇ ‘ನಿದ್ದೆ ಮಾತ್ರೆ’, ಅಷ್ಟೇ.

ಈ ಗುಂಪಿನ ಮಾತ್ರೆಗಳಿಗೆ ಬೆಂಜೋಡಯಜೆಪೀನ್ ಅನ್ನುತ್ತಾರೆ. ಮೊದಲನೆಯದು ಸಿಕ್ಕಿದ್ದು ಲ್ಯಾಬ್ ತೊಳೆಯುವಾಗ. 1957ರಲ್ಲಿ ಅಮೆರಿಕದ ನ್ಯೂಜೆರ್ಸಿಯ ರೋಶ್ ಕಂಪನಿಯಲ್ಲಿ ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನ ವಿಜ್ಞಾನಿಯ ಮೇಜು ಖಾಲಿ ಮಾಡುತ್ತಿದ್ದರು. ಎರಡು ವರ್ಷದಿಂದ ಮೂಲೆ ಸೇರಿದ್ದ ಪುಡಿಯೊಂದು ಸಹೋದ್ಯೋಗಿಯ ಕಣ್ಣಿಗೆ ಬಿತ್ತು. ಎಸೆಯುವ ಬದಲು ಪರೀಕ್ಷೆಗೆ ಕಳಿಸಿದರು. ಅದೇ 1960ರಲ್ಲಿ ಲಿಬ್ರಿಯಂ ಆಗಿ ಅಂಗಡಿಗೆ ಬಂತು. 1963ರಲ್ಲಿ ವ್ಯಾಲಿಯಂ (ಡಯಾಜೆಪಾಂ), 1981ರಲ್ಲಿ ಅಲ್‌ಪ್ರಾಜೋಲಾಂ.

ಹಿಂದೆ ಇದ್ದ ಬಾರ್ಬಿಟುರೇಟ್ ಅನ್ನೋ ನಿದ್ದೆ ಮಾತ್ರೆ ಸ್ವಲ್ಪ ಜಾಸ್ತಿಯಾದರೆ ಉಸಿರೇ ನಿಲ್ಲುತ್ತಿತ್ತು. ಹೊಸದು ಅದಕ್ಕಿಂತ ಎಷ್ಟೋ ವಾಸಿ. ‘ಅದಕ್ಕಿಂತ’ ಅನ್ನೋ ಪದ ಮಾತ್ರ ಬೇಗ ಮರೆತುಹೋಯಿತು. ಉಳಿದದ್ದು ‘ಸೇಫ್’.

ಎಚ್ಚರಿಕೆ ತಡವಾಗಿ ಬಂತು ಅಂದುಕೊಳ್ಳಬೇಡಿ. ಲಿಬ್ರಿಯಂ ಬಂದ ಮರುವರ್ಷವೇ, 1961ರಲ್ಲಿ, ಅಮೆರಿಕದ ವೈದ್ಯ ಲಿಯೋ ಹಾಲಿಸ್ಟರ್ ಮತ್ತು ಸಂಗಡಿಗರು ಒಂದು ವರದಿ ಪ್ರಕಟಿಸಿದರು. ತಿಂಗಳುಗಟ್ಟಲೆ ದೊಡ್ಡ ಪ್ರಮಾಣದಲ್ಲಿ ಮಾತ್ರೆ ತಗೊಂಡಿದ್ದ 11 ರೋಗಿಗಳಿಗೆ, ಹೇಳದೆ, ಮದ್ದೇ ಇಲ್ಲದ ಸಪ್ಪೆ ಮಾತ್ರೆ ಕೊಟ್ಟರು. 10 ಮಂದಿಗೆ ನಿದ್ದೆಗೇಡು, ಚಡಪಡಿಕೆಯಂಥ ತೊಂದರೆ ಶುರುವಾಯಿತು. ಇಬ್ಬರಿಗೆ ಫಿಟ್ಸ್ ಬಂತು. ಇವತ್ತಾದರೆ ಇಂಥ ಪ್ರಯೋಗಕ್ಕೆ ಯಾರೂ ಒಪ್ಪುವುದಿಲ್ಲ ಬಿಡಿ. ‘ಅಷ್ಟೊಂದು ಡೋಸ್ ಯಾರು ತಗೋತಾರೆ’ ಅಂತ ಜನ ಸಮಾಧಾನ ಮಾಡಿಕೊಂಡರು. ಸಾಮಾನ್ಯ ಡೋಸ್‌ಗೂ ಹೀಗಾಗುತ್ತದೆ ಅಂತ ಸ್ಪಷ್ಟವಾಗಿದ್ದು 1980ರ ಸುಮಾರಿಗೆ.

ಕಾರಣ ಹೀಗಿದೆ. ಮಿದುಳಲ್ಲಿ ಗಾಬಾ ಅನ್ನೋ ರಾಸಾಯನಿಕ ಬ್ರೇಕ್ ಹಾಗೆ ಕೆಲಸ ಮಾಡುತ್ತದೆ. ಈ ಮಾತ್ರೆ ಆ ಬ್ರೇಕನ್ನು ಇನ್ನಷ್ಟು ಬಿಗಿ ಮಾಡುತ್ತದೆ. ದಿನಾ ಹಾಗಾದರೆ ಮಿದುಳು ತನ್ನ ಕಾಲನ್ನು ಬ್ರೇಕ್ ಮೇಲಿಂದ ತೆಗೆಯುತ್ತದೆ. ಮಾತ್ರೆ ಥಟ್ಟನೆ ನಿಂತರೆ ಇಳಿಜಾರಲ್ಲಿ ಗಾಡಿಗೆ ಬ್ರೇಕೇ ಇಲ್ಲ.

ನಮ್ಮ ಪಕ್ಕದಲ್ಲೇ ಇದನ್ನು ಕಂಡಿದ್ದೇವೆ. ತೆಲಂಗಾಣದಲ್ಲಿ ಹೆಂಡಕ್ಕೆ ಅಲ್‌ಪ್ರಾಜೋಲಾಂ, ಡಯಾಜೆಪಾಂ ಬೆರೆಸುವ ದಂಧೆ ಹಳೆಯದು. 2015ರಲ್ಲಿ ದಾಳಿ ಬಿಗಿಯಾಗಿ ಕಲಬೆರಕೆ ಹೆಂಡ ಸಿಗದೇ ಹೋದಾಗ, ನಿಜಾಮಾಬಾದ್ ಕಡೆ ಕೈಕಾಲು ನಡುಗುವವರು, ಏನೇನೋ ಬಡಬಡಿಸುವವರು, ಫಿಟ್ಸ್ ಬಂದವರು ಆಸ್ಪತ್ರೆ ಸೇರಿದರು. ಹೆಂಡದಲ್ಲಿ ಇಂಥದ್ದೊಂದು ಇದೆ ಅಂತ ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ.

ಬ್ರಿಟನ್ 1988ರಲ್ಲೇ ‘ಎರಡರಿಂದ ನಾಲ್ಕು ವಾರ, ಸಾಕು’ ಅಂದಿತ್ತು. ಭಾರತ 2014ರಿಂದ ಅಲ್‌ಪ್ರಾಜೋಲಾಂ ಅನ್ನು ಎಚ್1 ಅನ್ನೋ ಬಿಗಿ ನಿಗಾದ ಔಷಧಿ ಪಟ್ಟಿಯಲ್ಲಿಟ್ಟಿದೆ. ಅಂಗಡಿಯವರು ಡಾಕ್ಟರ್, ರೋಗಿ, ಮಾತ್ರೆ, ಲೆಕ್ಕ ಎಲ್ಲ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ದೇಹ ಈ ಮಾತ್ರೆಗೆ ಅಂಟಿಕೊಂಡುಬಿಡುತ್ತದೆ ಅಂತ ಅಮೆರಿಕ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದ್ದು 2020ರಲ್ಲಿ. ಹಾಲಿಸ್ಟರ್ ಬರೆದು 59 ವರ್ಷಕ್ಕೆ!

ಹಾಗಂತ ಇದು ವಿಷವಲ್ಲ. ಎದೆ ಡವಡವ ಹೊಡೆದು, ಸತ್ತೇಹೋದೆ ಅನ್ನಿಸುವ ಪ್ಯಾನಿಕ್ ಹೊತ್ತಲ್ಲಿ ಇದರ ಬೆಲೆ ಅನುಭವಿಸಿದವರಿಗೇ ಗೊತ್ತು. ತೊಂದರೆ ಶುರುವಾಗೋದು ಮಡಚಿ ಮಡಚಿ ಹರಿದ ಹಳೆ ಚೀಟಿಯಿಂದ. ವಾರಕ್ಕೆ ಬರೆದದ್ದು ವರ್ಷ ದಾಟಿರುತ್ತದೆ. ಮಗಳ ಪರೀಕ್ಷೆ ಅಂತ ಅಮ್ಮ ತನ್ನ ಅರ್ಧ ಮಾತ್ರೆ ಮುರಿದು ಕೊಡುತ್ತಾರೆ. ಅದು ಬೇಡವೇ ಬೇಡ.

ಕುಡಿತದ ಜೊತೆ, ಟ್ರಮಡಾಲ್ ಥರದ ನೋವಿನ ಮಾತ್ರೆ ಜೊತೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಜೊತೆ ಸೇರಿದರೆ ಉಸಿರಾಟವೇ ಮಂದವಾಗುತ್ತದೆ. ಬೇರೇನು ತಗೋತಿದ್ದೀರಿ ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಮಂಪರಿದ್ದಾಗ ಗಾಡಿ ಓಡಿಸಬೇಡಿ. ವಯಸ್ಸಾದವರು ರಾತ್ರಿ ಬಚ್ಚಲಿಗೆ ಎದ್ದಾಗ ಜೋಲಿ ತಪ್ಪಿ ಬೀಳುತ್ತಾರೆ, ಸೊಂಟ ಮುರಿಯುತ್ತದೆ.

ಚೀಟಿ ಬರೆಸಿಕೊಳ್ಳುವ ದಿನವೇ ‘ಎಷ್ಟು ದಿನ, ಆಮೇಲೆ ಹೇಗೆ ಇಳಿಸೋದು?’ ಅಂತ ಕೇಳಿಬಿಡಿ. ವರ್ಷಗಳಿಂದ ತಗೋತಿರುವವರು ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ. ಡಾಕ್ಟರ ಜೊತೆ ಕೂತು ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ, ಚೂರುಚೂರೇ ಇಳಿಸಬೇಕು. ಮೊದಲು ಯಾರನ್ನು ಕೇಳೋದು ಅಂತ ತೋಚದಿದ್ದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.