ಆನ್‌ಲೈನ್ ಮಾರಾಟಕ್ಕೆ ಸಬ್ಸಿಡಿ: ದುಡ್ಡು ಯಾರಿಗೆ, ಯಾತಕ್ಕೆ?

ಚಳ್ಳಕೆರೆ ಕಡೆಯ ಒಬ್ಬ ರೈತ ಶೇಂಗಾ ಎಣ್ಣೆ ತೆಗೆದು ಮೊಬೈಲ್‌ನಲ್ಲೇ ಬೆಂಗಳೂರಿಗೆ ಮಾರಬೇಕು ಅಂತಿದ್ದಾನೆ ಅಂದುಕೊಳ್ಳಿ. ಅವನಿಗೆ ಯಾವ ಸಬ್ಸಿಡಿ ಸಿಗುತ್ತದೆ? ನಾನು ಮೊದಲು ಓದುವಾಗ ‘ಆನ್‌ಲೈನ್ ಮಾರಾಟ ಸಬ್ಸಿಡಿ’ ಅಂತಲೇ ಒಂದು ಯೋಜನೆ ಹುಡುಕುತ್ತ ಕೂತಿದ್ದೆ. ಸುಮ್ನೆ ಎರಡು ದಿನ ಹೋಯಿತು. ದುಡ್ಡು ಬೇರೆ ಬೇರೆ ಹೆಸರಿನಲ್ಲಿದೆ. ಅದಕ್ಕೇ ಯಾವ ಯೋಜನೆ ಓದಿದರೂ ಶೀರ್ಷಿಕೆಯ ಎರಡು ಪ್ರಶ್ನೆ ಕೇಳಿಕೊಳ್ಳಿ.

ಇ-ನಾಮ್, ಅಂದರೆ ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ, ಎಲ್ಲರಿಗೂ ಗೊತ್ತು. 2016ರ ಏಪ್ರಿಲ್ 14ಕ್ಕೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೂ ಮೊದಲೇ ಎಪಿಎಂಸಿಗಳಲ್ಲಿ ಆನ್‌ಲೈನ್ ಟೆಂಡರ್ ಬಂದಿತ್ತು. ಇಲ್ಲಿ ಕೇಂದ್ರದ ನೆರವು ಹೋಗುವುದು ಮಾರುಕಟ್ಟೆಗೆ: ಮೊದಲು ಒಂದಕ್ಕೆ 30 ಲಕ್ಷ ರೂಪಾಯಿ ತನಕ, ಆಮೇಲೆ 75 ಲಕ್ಷದ ತನಕ. ಕಂಪ್ಯೂಟರ್, ಗುಣಮಟ್ಟ ಪರೀಕ್ಷೆ ಇಂಥವಕ್ಕೆ. ರೈತನಿಗೆ ಸಿಗಬಹುದಾದ ಲಾಭ ಅಂದರೆ ಒಳ್ಳೆ ರೇಟು, ಸಬ್ಸಿಡಿ ಅಲ್ಲ.

ನಮ್ಮ ರೈತನಿಗೆ ನಿಜವಾಗಿ ಬೇಕಾದ್ದು ಪಿಎಂಎಫ್‌ಎಂಇ, ಅಂದರೆ 2020ರಲ್ಲಿ ಬಂದ ಕಿರು ಆಹಾರ ಉದ್ದಿಮೆಗಳ ಯೋಜನೆ. ಅದರ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ಚಿತ್ರದುರ್ಗಕ್ಕೆ ಶೇಂಗಾ, ದಾವಣಗೆರೆಗೆ ಸಿರಿಧಾನ್ಯ. (ಮಂಡಕ್ಕಿ ಇಲ್ಲವಲ್ಲ ಅಂತ ನನಗೂ ಬೇಜಾರು.) ಯೋಜನೆಯ ಸಬ್ಸಿಡಿ ಖರ್ಚಿನ ಶೇ. 35, ಗರಿಷ್ಠ 10 ಲಕ್ಷ. ಅದರ ಮೇಲೆ ಕರ್ನಾಟಕ ಶೇ. 15 ಸೇರಿಸುತ್ತದೆ. ಒಟ್ಟು ಅರ್ಧ, 15 ಲಕ್ಷದ ತನಕ.

ಲೆಕ್ಕ ಹಾಕೋಣ. ಎಣ್ಣೆ ತೆಗೆಯುವ, ಬಾಟಲಿ ತುಂಬುವ ಯಂತ್ರಗಳಿಗೆ 10 ಲಕ್ಷ. ಕೈಯಿಂದ ಕನಿಷ್ಠ ಶೇ. 10 ಹಾಕಬೇಕು, ಅಂದರೆ 1 ಲಕ್ಷ. ಸಾಲ 9 ಲಕ್ಷ, ಸಬ್ಸಿಡಿ 5 ಲಕ್ಷ. ಎಲ್ಲರೂ ಎಡವುವುದು ಇಲ್ಲೇ: ಆ 5 ಲಕ್ಷ ಕೈಗೆ ಬರುವುದಿಲ್ಲ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಇರುತ್ತದೆ. ಸಾಲದ ಕೊನೆಯ ಕಂತು ಕೈಸೇರಿ ಮೂರು ವರ್ಷ ಕಳೆದಾಗ ಸಾಲ ಸುಸ್ತಿಯಾಗಿರಬಾರದು, ಉದ್ದಿಮೆ ನಡೆಯುತ್ತಿರಬೇಕು. ಆಗ ಸಾಲಕ್ಕೆ ವಜಾ. ನಮ್ಮ ಪರಿಚಯದವರೊಬ್ಬರು ಸಬ್ಸಿಡಿ ಬಂದ ಮೇಲೆ ಶೇಂಗಾ ಕೊಂಡರಾಯಿತು ಅಂತ ಕಾದಿದ್ದರು. ಯಂತ್ರ ಬಂತು, ಹಾಕಲು ಕಾಳಿರಲಿಲ್ಲ!

ಪ್ಯಾಕಿಂಗ್, ಬ್ರಾಂಡ್, ಪ್ರಚಾರಕ್ಕೂ ಅರ್ಧ ಖರ್ಚು ಸಿಗುತ್ತದೆ. ಆದರೆ ಅದು ಸ್ವಸಹಾಯ ಸಂಘ, ಸಹಕಾರ ಸಂಘ, ರೈತ ಉತ್ಪಾದಕ ಸಂಸ್ಥೆಯಂಥ ಗುಂಪಿಗೆ, ಒಬ್ಬೊಬ್ಬರಿಗಲ್ಲ. ರೈತ ಉತ್ಪಾದಕ ಸಂಸ್ಥೆಗಳಿಗೆ 2020ರ ಕೇಂದ್ರ ಯೋಜನೆಯಲ್ಲಿ ಮೂರು ವರ್ಷಕ್ಕೆ 18 ಲಕ್ಷದ ತನಕ ನಿರ್ವಹಣಾ ವೆಚ್ಚವೂ ಇದೆ. ಆನ್‌ಲೈನ್ ಆರ್ಡರ್ ನೋಡಿಕೊಳ್ಳುವ ವ್ಯವಸ್ಥಾಪಕರ ಸಂಬಳ ಅಲ್ಲಿಂದ ಹೊರಡಬಹುದು.

ಒಂಟಿ ರೈತನ ಕೊರಿಯರ್ ಖರ್ಚಿಗೆ ಮಾತ್ರ ಈ ಮೂರರಲ್ಲೂ ಜಾಗವಿಲ್ಲ. ಅದನ್ನು ಎಣ್ಣೆಯ ಬೆಲೆಯಲ್ಲೇ ಸೇರಿಸಬೇಕು.

ಅಭ್ಯಾಸಕ್ಕೆ: ಜಗಳೂರಿನ ಹತ್ತು ಹೆಂಗಸರ ಸಂಘ ನವಣೆ ಅಕ್ಕಿ ಪ್ಯಾಕ್ ಮಾಡಿ ಆನ್‌ಲೈನ್‌ನಲ್ಲಿ ಮಾರಬೇಕು. ಯಂತ್ರಕ್ಕೆ ಎಲ್ಲಿಂದ, ಲೇಬಲ್ಲಿಗೆ ಎಲ್ಲಿಂದ? 6 ಲಕ್ಷದ ಯಂತ್ರಕ್ಕೆ ಲೆಕ್ಕ ಬರೆಯಿರಿ.